ಬೇಲಿಯೊಳಗಿನ ಬಯಲು

ಮನುಷ್ಯನಿಗೆ ಹಾಕಿಕೊಟ್ಟ ದಾರಿ ಹಿತವೋ, ದಾರಿಯಿಲ್ಲದ ಬಯಲು ಹಿತವೋ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ವಿಧಿ ಪುರುಷಕಾರಗಳ ವಿಚಾರದಲ್ಲಿ, ವೃತ್ತಿಧರ್ಮದ ವಿಚಾರದಲ್ಲಿ ಬಗೆಬಗೆಯಾಗಿ ಚರ್ಚಿಸಿದ್ದಾರೆ. ಈಚಿನ ವರ್ಷಗಳಲ್ಲಿ ಆ ಪ್ರಶ್ನೆ ಯಾರೂ ನಿರೀಕ್ಷಿಸದ ಒಂದೆಡೆಯಿಂದ, ಮಕ್ಕಳ ಕೈಯಲ್ಲಿರುವ ವಿಡಿಯೋ ಆಟದಿಂದ, ಮತ್ತೆ ತಲೆಯೆತ್ತಿದೆ. ಆಟದ ಮಾತಿಗೆ ಈ ಪುಟಗಳಲ್ಲಿ ಎಡೆಯೇಕೆ ಎಂದು ಕೆಲವರು ವಾಚಕರು ಕೇಳಬಹುದು. ಆಟದ ಹಾಸಿನ ಮೇಲೆ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಒಡ್ಡಿ ಸೋತ ದೊರೆಯ ಕಥೆಯನ್ನು ತಲೆತಲಾಂತರದಿಂದ ಕೇಳಿಕೊಂಡು ಬಂದ ಜನ ನಾವು. ಆ ಪ್ರಶ್ನೆ ನಮ್ಮ ಬಾಯಲ್ಲಿ ಶೋಭಿಸದು.

ಅರಿಯದ ಹಿರಿಯರಿಗಾಗಿ ಮೊದಲು ಆಟದ ಸಂಗತಿಯನ್ನು ತುಸು ವಿವರಿಸಬೇಕು. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯವರು ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವನ್ನು ಹೊರತಂದರು. ಕೊಳಾಯಿ ಕೆಲಸದ ಮೀಸೆಯವನೊಬ್ಬ ಪರದೆಯ ಎಡದಿಂದ ಬಲಕ್ಕೆ ಓಡುತ್ತ, ಹಳ್ಳಗಳನ್ನು ದಾಟುತ್ತ, ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ ಸಾಗಬೇಕು; ಈ ಕಟ್ಟೆಗಳಿಂದಲೇ ಇಂಥ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂಬ ಹೆಸರು ಬಂದಿದೆ. ಆ ಆಟದಲ್ಲಿ ಕಠಿಣವಾದ ಒಂದು ನಿಯಮವಿತ್ತು. ಪರದೆ ಬಲಕ್ಕೆ ಸರಿಯುತ್ತದೆಯೇ ಹೊರತು ಎಡಕ್ಕೆ ಸರಿಯದು. ಎತ್ತಿಕೊಳ್ಳದೆ ಬಿಟ್ಟ ನಾಣ್ಯವು ಪರದೆಯ ಅಂಚನ್ನು ದಾಟಿತೆಂದರೆ ಹೋಯಿತು, ಅದಕ್ಕಾಗಿ ಹಿಂದಿರುಗುವಂತಿಲ್ಲ. ಮೇಲ್ಗಡೆ ಗಡಿಯಾರವೊಂದು ಉಳಿದ ಕಾಲವನ್ನು ಕಳೆಯುತ್ತ ಎಣಿಸುತ್ತಿರುತ್ತದೆ.

ಆರು ವರ್ಷಗಳ ತರುವಾಯ, 1991ರಲ್ಲಿ, ಸೇಗಾ ಎಂಬ ಮತ್ತೊಂದು ಜಪಾನೀ ಸಂಸ್ಥೆ ಮಾರಿಯೋವಿಗೆ ಎದುರಾಳಿಯಾಗಿ ಸಾನಿಕ್ ಎಂಬ ನೀಲಿ ಮುಳ್ಳಿಲಿಯನ್ನು ಕಣಕ್ಕಿಳಿಸಿತು. ಮುಳ್ಳಿಲಿ ನಮ್ಮ ಒಣಸೀಮೆಗೆ ಅಪರಿಚಿತವಾದ ಪ್ರಾಣಿಯಲ್ಲ. ದಕ್ಷಿಣ ಭಾರತದಲ್ಲಿ ಮಾತ್ರವೇ ಇರತಕ್ಕ ಒಂದು ಜಾತಿಯ ಮುಳ್ಳಿಲಿಯುಂಟು. ತಮಿಳರು ಅದನ್ನು ‘ಮುಳ್ಳೆಲಿ’ ಎನ್ನುತ್ತಾರೆ. ಇರುಳಲ್ಲಿ ಹುಳುಹುಪ್ಪಟೆಗಳನ್ನು ತಿಂದುಕೊಂಡಿರುವ ಆ ಬಡಪಾಯಿ, ಹೆದರಿದರೆ ಮುದುಡಿ ಮುಳ್ಳಿನ ಉಂಡೆಯಾಗಿ ಕದಲದೆ ಬಿದ್ದುಕೊಳ್ಳುತ್ತದೆ. ಜಪಾನಿನ ಮುಳ್ಳಿಲಿಯೂ ಉಂಡೆಯಾಗುತ್ತದೆ, ಆದರೆ ಅವಿತುಕೊಳ್ಳುವುದಕ್ಕಲ್ಲ, ಉರುಳಿಕೊಂಡು ಓಡುವುದಕ್ಕೆ. ವೇಗವೇ ಅದರ ಧರ್ಮ. ಅದು ಓಡುವ ಹಾದಿ ಮೇಲಕ್ಕೂ ಕೆಳಕ್ಕೂ ಕವಲೊಡೆಯುತ್ತಿದ್ದುದು ನಿಜವಾದರೂ ತೊಡಗುವ ಸ್ಥಳ ಒಂದು, ಮುಗಿಯುವ ಸ್ಥಳ ಒಂದು. ಹೀಗೆ ಮೂವತ್ತು ವರ್ಷ ನಡೆಯಿತು.

2021ರ ಡಿಸೆಂಬರಿನಲ್ಲಿ ಸೇಗಾದವರು ಹೊಸ ಆಟವೊಂದನ್ನು ಸಾರಿದರು. ಹೆಸರು ‘ಸಾನಿಕ್ ಫ್ರಾಂಟಿಯರ್ಸ್’. ಇದರಲ್ಲಿ ಹಾದಿಯಿಲ್ಲ, ದ್ವೀಪಗಳಿವೆ. ಹುಲ್ಲುಗಾವಲು, ಪಾಳುಗೋಪುರ, ಮರಳುಗಾಡು, ಬೆಂಕಿಮಲೆ. ಮುಳ್ಳಿಲಿ ತನಗೆ ತೋಚಿದ ಕಡೆಗೆ ಓಡಬಹುದು. ಇಂಥವನ್ನು ಆಟಗಾರರ ಪರಿಭಾಷೆಯಲ್ಲಿ ‘ತೆರೆದ ಲೋಕ’ ಎನ್ನುತ್ತಾರೆ. ಆದರೆ ಸಾನಿಕ್ ಬಳಗದ ಮುಖ್ಯಸ್ಥರಾದ ತಕಾಶಿ ಈಜುಕಾ ಆ ಮಾತನ್ನು ಒಪ್ಪದೆ ‘ತೆರೆದ ವಲಯ’ ಎಂಬ ಬೇರೆ ಮಾತನ್ನು ಬಳಸಿದರು. ಅವರ ವಿವರಣೆಯ ತಾತ್ಪರ್ಯವಿಷ್ಟು: ಹಿಂದಿನ ಪ್ಲಾಟ್‌ಫಾರ್ಮ್ ಆಟಗಳಲ್ಲಿ ಭೂಪಟವೆಂಬುದು ಯಾವ ಹಾದಿಗೆ ಹೋಗಬೇಕೆಂದು ಆರಿಸುವ ಪಟ್ಟಿಯಷ್ಟೆ ಆಗಿತ್ತು, ಈಗ ಆ ಭೂಪಟವೇ ಆಡುವ ನೆಲವಾಗಬೇಕು. 2022ರ ಜೂನ್ ತಿಂಗಳಲ್ಲಿ ಅದರ ಕೆಲವು ದೃಶ್ಯಗಳನ್ನು ಮುಂಚಿತವಾಗಿ ತೋರಿಸಿದಾಗ ಕಾದುಕೊಂಡಿದ್ದ ಅಭಿಮಾನಿಗಳಲ್ಲಿ ಅನೇಕರು ಪೆಚ್ಚಾದರು. ದೊಡ್ಡ ಹುಲ್ಲುಗಾವಲು, ಅದರ ನಡುವೆ ಒಂಟಿ ಮುಳ್ಳಿಲಿ, ಮಾಡತಕ್ಕ ಕೆಲಸ ಕಾಣಿಸದು. ಆಟವನ್ನು ಮುಂದೂಡಿ, ಸರಿಪಡಿಸಿ ಎಂಬ ಕೂಗೆದ್ದಿತು. ಸಂಸ್ಥೆಯವರು ಮುಂದೂಡಲಿಲ್ಲ. 2022ರ ನವೆಂಬರ್ 8ರಂದು ಆಟ ಹೊರಬಂದಿತು. ಜನ ಕೊಂಡರು, ಆಡಿದರು, ಬಹುಮಟ್ಟಿಗೆ ಮೆಚ್ಚಿದರು.

ಆದರೆ ಆ ಜೂನ್ ತಿಂಗಳ ಕಳವಳವನ್ನು ಅಷ್ಟು ಹಗುರವಾಗಿ ತಳ್ಳಿಬಿಡುವಂತಿಲ್ಲ. ಮೂವತ್ತು ವರ್ಷ ಹಾದಿಯಲ್ಲಿ ಓಡಿದವರಿಗೆ ಬಯಲನ್ನು ತೋರಿಸಿದಾಗ ಸಂತೋಷವಾಗಬೇಕಾಗಿತ್ತು, ಆದದ್ದು ಭಯ. ಬಯಲೆಂಬುದು ನಮ್ಮ ವಚನಕಾರರಿಗೆ ಪ್ರಿಯವಾದ ಮಾತು. ಅವರ ಬಯಲು ಎಲ್ಲವನ್ನೂ ಕಳಚಿಕೊಂಡವನು ಕೊನೆಗೆ ಸೇರತಕ್ಕ ನೆಲೆ; ಆಟದ ಬಯಲಾದರೋ ಇನ್ನೂ ಏನನ್ನೂ ಪಡೆಯದವನನ್ನು ಮೊದಲ ಗಳಿಗೆಯಲ್ಲಿಯೇ ತಂದು ನಿಲ್ಲಿಸುವ ಸ್ಥಳ. ಎರಡಕ್ಕೂ ಒಂದೇ ಹೆಸರಿರುವುದರಿಂದ ಮೋಸಹೋಗಬಾರದು.

ಇಲ್ಲಿ ವೆಳ್ಳಕೋಯಿಲಿನ ಸುತ್ತಣ ವಾಚಕರಿಗೆ ಪರಿಚಿತವಾದ ಒಂದು ನೋಟ ಕಣ್ಣಿಗೆ ಕಟ್ಟಬೇಕು. ಕಾಂಗೇಯದಿಂದ ಕರೂರಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ಎರಡು ಪಕ್ಕದಲ್ಲಿಯೂ ಮುಳ್ಳುಬೇಲಿಯ ಒಣಗಾವಲುಗಳನ್ನು ಕಾಣುತ್ತಾರೆ. ಸ್ಥಳೀಯರು ಅದಕ್ಕೆ ‘ಕೊರಂಗಾಡು’ ಎನ್ನುತ್ತಾರೆ. ಮಳೆ ಕಡಮೆಯಾದ ಈ ನೆಲದಲ್ಲಿ ಬೇಸಾಯಕ್ಕಿಂತ ಗಾವಲೇ ನೆಚ್ಚಿಗೆಯದೆಂದು ಕಂಡ ರೈತರು ಹುಲ್ಲು, ಮರ, ಬೇಲಿ ಈ ಮೂರನ್ನೂ ಕೂಡಿಸಿ ಮಾಡಿದ ಏರ್ಪಾಡು ಇದು. ಕೆಳಗೆ ಕೊಳುಕ್ಕಟ್ಟೈ ಎಂಬ ಹುಲ್ಲು, ಅಲ್ಲಲ್ಲಿ ಬಿಳಿಜಾಲಿಯ ಮರ, ಸುತ್ತಲೂ ಕಿಳುವೈ ಮುಳ್ಳುಗಿಡದ ಜೀವಂತ ಬೇಲಿ. ಹೆಸರಾಂತ ಕಾಂಗೇಯಂ ತಳಿಯ ದನಗಳನ್ನು ಇದರೊಳಗೆ ಬಿಟ್ಟರೆ ಕಾಯುವ ಹುಡುಗ ಬೇಕಾಗಿಲ್ಲ, ಕೊರಳಿಗೆ ಹಗ್ಗ ಬೇಕಾಗಿಲ್ಲ. ಎಲ್ಲಿ ಬೇಕೋ ಅಲ್ಲಿ ಮೇಯುತ್ತವೆ, ಬೇಕಾದ ನೆರಳಲ್ಲಿ ಮಲಗುತ್ತವೆ, ಜಾಲಿಯ ಕಾಯಿ ತಿಂದು ಸಗಣಿಯ ಮೂಲಕ ಅದರ ಬೀಜವನ್ನೂ ಬಿತ್ತುತ್ತವೆ. ಒಂದು ಗಾವಲಿನ ಹುಲ್ಲು ತೆಳುವಾದಾಗ ಯಜಮಾನನು ಬಂದು ಮತ್ತೊಂದಕ್ಕೆ ಅಟ್ಟುತ್ತಾನೆ.

ಇದೇ ಸೀಮೆಯ ಎತ್ತಿಗೆ ಹಿಂದೆ ಮತ್ತೊಂದು ಬದುಕೂ ಇತ್ತು. 1930ರ ದಶಕದಲ್ಲಿ ಪೈಕಾರಾದ ವಿದ್ಯುತ್ತು ಕೊಯಮತ್ತೂರು ಸೀಮೆಗೆ ಬಂದು, ಕ್ರಮೇಣ ಬಾವಿಬಾವಿಗೂ ಪಂಪು ಕೂಡುವವರೆಗೆ ಕೊಂಗುನಾಡಿನ ಹೊಲಗಳಿಗೆ ನೀರೆತ್ತಿದ್ದು ಕಪಿಲೆ. ಇಳಿಜಾರಿನ ಆ ಓಣಿಯಲ್ಲಿ ಜೋಡೆತ್ತು ಇಳಿದರೆ ತೊಗಲಿನ ಬಾನಿ ಮೇಲೆ ಬರುತ್ತದೆ, ಹಿಂದಕ್ಕೆ ಹತ್ತಿದರೆ ಬಾನಿ ಬಾವಿಗಿಳಿಯುತ್ತದೆ. ನಸುಕಿನಿಂದ ಬಿಸಿಲೇರುವವರೆಗೆ ಅದೇ ಇಪ್ಪತ್ತು ಮೂವತ್ತು ಹೆಜ್ಜೆ. ಕಪಿಲೆಯ ಎತ್ತಿಗಿಂತ ಕೊರಂಗಾಡಿನ ಎತ್ತು ಸುಖಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸ್ವತಂತ್ರವೆ? ಬೇಲಿ ಹಾಕಿದವನು, ಹುಲ್ಲು ಬೆಳೆಸಿದವನು, ಇಂದು ಈ ಗಾವಲು ನಾಳೆ ಆ ಗಾವಲು ಎಂದು ಗೊತ್ತುಮಾಡುವವನು ಬೇರೊಬ್ಬನಿದ್ದಾನೆ. ಕಪಿಲೆಯ ಎತ್ತಿಗಾದರೂ ತನ್ನ ನೊಗ ತಿಳಿದಿರುತ್ತದೆ. ಗಾವಲಿನ ಎತ್ತಿಗೆ ಬೇಲಿ ಕಾಣುವುದು ಅಂಚಿಗೆ ಹೋದಾಗ ಮಾತ್ರ.

ತೆರೆದ ವಲಯದ ಆಟವೂ ಹೀಗೆಯೇ ಮಾಡಿದ ಬಯಲು. ಅದರ ಒಂದೊಂದು ಕಲ್ಲನ್ನೂ ಒಂದೊಂದು ಗರಿಕೆಯನ್ನೂ ಯಾರೋ ಕುಳಿತು ಬರೆದಿದ್ದಾರೆ. ಈ ಬಗೆಯ ಕೂಲಿಯಲ್ಲಿ ಕನ್ನಡನಾಡಿಗೂ ಪಾಲುಂಟು: 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಪರದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರಾಗಿ, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿತು. ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ಸಾನಿಕ್‌ನ ಹೊಸ ದ್ವೀಪಗಳಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ. ಅವನ್ನು ಹೊಕ್ಕರೆ ಸಿಕ್ಕುವುದೇನು? ಹಳೆಯ ಓಟದ ಹಾದಿಗಳೇ! ಅವುಗಳನ್ನು ಓಡಿ ಗೆದ್ದರೆ ಬೀಗದ ಕೈಗಳು ದೊರೆಯುತ್ತವೆ. ಬೀಗದ ಕೈಗಳಿಂದ ಮಣಿಗಳು, ಮಣಿಗಳಿಂದ ದ್ವೀಪದ ಬಿಡುಗಡೆ. ಬಯಲನ್ನು ಕಟ್ಟಿದವರಿಗೇ ಬಯಲೊಂದರ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲವೆಂದು ಇದರಿಂದ ನಾವು ಊಹಿಸುತ್ತೇವೆ.

ಹಾಗಾದರೆ ಹಾದಿಯೂ ಬಂಧನ, ಬಯಲೂ ಬಂಧನ, ಎಲ್ಲವೂ ಮಾಯೆ ಎಂದು ಕೈತೊಳೆದುಕೊಳ್ಳುವುದು ಸುಲಭ. ನಮಗೆ ಅದು ಒಪ್ಪಿಗೆಯಿಲ್ಲ. ಬಯಲು ಮಾಡಿದ್ದೋ ತಾನಾಗಿ ಇದ್ದದ್ದೋ ಎಂಬುದರಿಂದ ಸ್ವಾತಂತ್ರ್ಯ ತೀರ್ಮಾನವಾಗುವುದಿಲ್ಲ. ಅದರ ವಿಸ್ತಾರದಿಂದಲೂ ಆಗುವುದಿಲ್ಲ. ಯಾವುದರಿಂದ ಆಗುತ್ತದೆಂಬುದನ್ನು ನಮ್ಮವೇ ಆದ ಹಳೆಯ ಆಟಗಳು ಈ ಹೊಸ ಆಟಕ್ಕಿಂತ ನಿಚ್ಚಳವಾಗಿ ತೋರಿಸಿಕೊಡುತ್ತವೆ.

ಪರಮಪದಸೋಪಾನದ ಪಟವನ್ನು ನೋಡಿ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಮ್ಮ ಮನೆಗಳವರು ಬಿಡಿಸಿ ಕೂರುತ್ತಿದ್ದುದು ಅದನ್ನೇ. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು. ಧರ್ಮಾಧರ್ಮಗಳನ್ನು ಕಲಿಸುವ ಆಟವೆಂದು ಅದಕ್ಕೆ ಖ್ಯಾತಿ. ಆದರೆ ಕಾಯಿಯನ್ನು ನಡೆಸುವವನು ದಾಳ. ಆಡುವವನು ಎಣಿಸುವ ಗುಮಾಸ್ತ ಮಾತ್ರ. ಹಾವಿನ ಬಾಯಿಗೆ ಬಿದ್ದವನು ಪಾಪ ಮಾಡಿದ್ದಾದರೂ ಯಾವಾಗ? ಆಯ್ಕೆಯೇ ಇಲ್ಲದ ಕಡೆ ನೀತಿಯ ಪಾಠ ಹೇಳುವ ಆ ಪಟವನ್ನು ಭಕ್ತಿಯಿಂದ ಸುರುಳಿ ಸುತ್ತಿಡುತ್ತಿದ್ದ ಹಿರಿಯರ ಮುಗ್ಧತೆಗೆ ನಗಬೇಕೋ ಮಣಿಯಬೇಕೋ ತಿಳಿಯದು. ಚೌಕಾಬಾರದಲ್ಲಿ, ಅಂದರೆ ಇಲ್ಲಿಯ ತಮಿಳು ನೆರೆಯವರ ತಾಯದಲ್ಲಿ, ಸ್ಥಿತಿ ತುಸು ಮೇಲು. ಕವಡೆ ಬಿದ್ದಷ್ಟೇ ನಡೆ, ಸುತ್ತುವ ದಾರಿಯೂ ಗೊತ್ತಾದದ್ದೇ. ಆದರೆ ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಪಾಡಬೇಕೆಂಬುದು ಆಡುವವನ ಕೈಯಲ್ಲಿದೆ.

ಹುಲಿ–ಕುರಿಯ ಆಟಕ್ಕೆ ಬಂದರೆ ಮಾತೇ ಬೇರೆ. ಎಷ್ಟೋ ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ, ಊರಮುಂದಣ ಕಟ್ಟೆಗಳ ಮೇಲೆ ಅದರ ಗೆರೆಗಳು ಇಂದಿಗೂ ಉಂಟು. ತಮಿಳರಿಗೂ ಅದು ‘ಆಡು–ಹುಲಿ’ಯಾಗಿ ಪ್ರಿಯವಾದದ್ದು. ಮೂರು ಹುಲಿ, ಹದಿನೈದು ಕುರಿ, ಗೇಣಗಲದ ಮನೆ. ದಾಳವಿಲ್ಲ, ಕವಡೆಯಿಲ್ಲ, ಹಾಕಿಕೊಟ್ಟ ದಾರಿಯೂ ಇಲ್ಲ. ಕುರಿಯವನು ತನ್ನ ಕುರಿಯನ್ನು ತೆರಪಿರುವ ಯಾವ ಕೂಟದಲ್ಲಿಯಾದರೂ ಇಡಬಹುದು. ಆದರೆ ಎಲ್ಲ ಕುರಿಗಳನ್ನೂ ಇಟ್ಟು ಮುಗಿಯುವತನಕ ಇಟ್ಟದ್ದನ್ನು ಕದಲಿಸುವಂತಿಲ್ಲ. ಹುಲಿ ಹಾರಿ ತಿಂದ ಕುರಿ ಆ ಆಟಕ್ಕೆ ಮರಳಿ ಬರುವುದೂ ಇಲ್ಲ. ಅದರಿಂದಲೇ ಆಡುವವನು ಕುರಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅಷ್ಟು ಹೊತ್ತು ಕೂರುತ್ತಾನೆ. ಆ ಹೊತ್ತಿನಲ್ಲಿ ಅವನು ಸ್ವತಂತ್ರ. ಆರಿಸಿದ್ದು ಉಳಿಯುತ್ತದೆ, ಬಿಟ್ಟದ್ದು ಹೋಗುತ್ತದೆ ಎಂದು ಅವನಿಗೆ ಗೊತ್ತಿದೆ.

ಸಾನಿಕ್‌ನ ದ್ವೀಪದಲ್ಲಿ ಇಲ್ಲದಿರುವುದು ಇದು. ಅಲ್ಲಿ ಬಿಟ್ಟದ್ದು ಹೋಗುವುದಿಲ್ಲ. ಇಂದು ಗೋಪುರವನ್ನು ಬಿಟ್ಟು ಮರಳುಗಾಡಿಗೆ ಹೋದರೆ ಗೋಪುರ ಕಾದಿರುತ್ತದೆ. ತಿಂಗಳು ಕಳೆದು ಬಂದರೂ ಕಾದಿರುತ್ತದೆ. ಎಷ್ಟು ಸಲ ಬಿದ್ದರೂ ಮುಳ್ಳಿಲಿ ಹತ್ತಿರದಲ್ಲಿಯೇ ಮತ್ತೆ ಎದ್ದು ನಿಲ್ಲುತ್ತದೆ. 1985ರ ಪರದೆ ಕ್ರೂರಿಯಾಗಿತ್ತು, ಒಪ್ಪಬೇಕಾದದ್ದೇ. ಆದರೆ ಹಾದಿ ಒಂದೇ ಆಗಿದ್ದರೂ ಈ ನಾಣ್ಯಕ್ಕಾಗಿ ನಿಲ್ಲಲೇ, ಓಡಲೇ ಎಂಬ ಚಿಕ್ಕ ನಿರ್ಧಾರಕ್ಕೂ ಅದರಲ್ಲಿ ತೂಕವಿತ್ತು. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1781ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಒಂದು ಪಾರಿವಾಳದ ದೃಷ್ಟಾಂತವನ್ನು ಕೊಡುತ್ತಾನೆ. ಗಾಳಿಯನ್ನು ಸೀಳಿ ಹಾರುತ್ತ ಅದರ ತಡೆಯನ್ನು ಅನುಭವಿಸುವ ಹಕ್ಕಿ, ಗಾಳಿಯೇ ಇಲ್ಲದ ಕಡೆ ಇನ್ನೂ ಚೆನ್ನಾಗಿ ಹಾರುತ್ತಿದ್ದೆನಲ್ಲ ಎಂದುಕೊಳ್ಳಬಹುದಂತೆ. ಕಾಂಟನು ಅದನ್ನು ಹೇಳಿದ್ದು ಅನುಭವವನ್ನು ಬಿಟ್ಟು ಜಿಗಿಯುವ ತರ್ಕದ ವಿಷಯದಲ್ಲಿ. ಆಯ್ಕೆಯ ವಿಷಯದಲ್ಲಿಯೂ ಅದು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ. ಕಳೆದುಕೊಳ್ಳುವುದೆಂಬ ಗಾಳಿಯಿಲ್ಲದ ಕಡೆ ಆರಿಸುವ ರೆಕ್ಕೆ ಬಡಿಯುವುದು ಯಾವುದರ ಮೇಲೆ?

ಆಟದ ಪರವಾಗಿ ಹೇಳತಕ್ಕ ಮಾತೊಂದುಂಟು, ಅದು ಬಲವಾದ ಮಾತು. ಆಟವಿರುವುದೇ ಬದುಕಿನ ನಷ್ಟಗಳಿಂದ ಒಂದಿಷ್ಟು ಬಿಡುವಿಗಾಗಿ. ಡಚ್ ವಿದ್ವಾಂಸನಾದ ಹ್ಯೂಜಿಂಗ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಿನನಿತ್ಯದ ಬದುಕಿನಿಂದ ಬೇರ್ಪಡಿಸಿ ಗೆರೆ ಎಳೆದ ಕಾಲದೇಶಗಳಲ್ಲಿ ನಡೆಯುವುದೇ ಆಟದ ಲಕ್ಷಣವೆಂದು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ದಿನವೆಲ್ಲ ಶಾಲೆ, ಮನೆಪಾಠ, ಪರೀಕ್ಷೆಗಳೆಂಬ ಏಕಮುಖದ ಓಣಿಯಲ್ಲಿ ಕಪಿಲೆಯ ಎತ್ತಿನಂತೆ ಇಳಿದು ಹತ್ತುವ ಹುಡುಗನು ಸಂಜೆ ಒಂದು ಗಂಟೆ ಯಾವುದೂ ಕಳೆದುಹೋಗದ ದ್ವೀಪದಲ್ಲಿ ಓಡಾಡಿದರೆ ಯಾರಿಗೆ ಏನು ತೊಂದರೆ? ನಮ್ಮದೇನೂ ಆಕ್ಷೇಪವಿಲ್ಲ. ಗೆರೆ ಗೆರೆಯಾಗಿ ಉಳಿದರೆ ಸಾಕು. ನಮ್ಮ ಕಳವಳ ಆ ಹುಡುಗನನ್ನು ಕುರಿತದ್ದೂ ಅಲ್ಲ. ಅವನ ತಂದೆತಾಯಿಗಳನ್ನು, ಎಂದರೆ ಆಟವನ್ನೇ ಆಡದ ನಮ್ಮಂಥವರನ್ನು ಕುರಿತದ್ದು. ಯಾವುದನ್ನು ಬಿಟ್ಟರೂ ಅದು ಕಾದಿರುತ್ತದೆಂಬ ದ್ವೀಪದ ನ್ಯಾಯವನ್ನು ನಾವು ಮನೆಯೊಳಗೆ ತಂದುಕೊಂಡಿದ್ದೇವೆ.

ಕೊಂಗುನಾಡಿನಲ್ಲಿ ಕನ್ನಡ ಇಂದು ನೆನ್ನೆಯದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ನೇಯ್ಗೆಯನ್ನು ನಂಬಿದ ಕನ್ನಡ ಮಾತಿನ ದೇವಾಂಗರ ಮನೆಗಳು ಈ ಸೀಮೆಯ ಊರೂರುಗಳಲ್ಲಿಯೂ ಇವೆ. ಆ ಮನೆಗಳಲ್ಲಿ ಹಿಂದೆ ಮಗನಿಗೆ ಹಾದಿ ಹುಟ್ಟಿದಾಗಲೇ ಗೊತ್ತಾಗಿರುತ್ತಿತ್ತು: ತಂದೆಯ ಮಗ್ಗದ ಗುಂಡಿ, ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡುವ ಅದೇ ಲಾಳಿ. ಆ ಹಾದಿ ಮುರಿದದ್ದು ಒಳ್ಳೆಯದಾಯಿತು. ಅದನ್ನು ಮತ್ತೆ ಕಟ್ಟಬೇಕೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಹುಟ್ಟಿನಿಂದ ಕಸುಬನ್ನು ಗೊತ್ತುಮಾಡುವ ಓಣಿಯಲ್ಲಿ ಎಷ್ಟು ಜನರ ಶಕ್ತಿ ಸವೆದುಹೋಯಿತೆಂಬುದು ನಮಗೆ ಚೆನ್ನಾಗಿ ಗೊತ್ತಿದೆ. ಇಂದು ನೇಕಾರರ ಮಕ್ಕಳು ಇಂಜಿನಿಯರಾಗಬಹುದು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗಬಹುದು, ಹಡಗು ಹತ್ತಬಹುದು. ಬಯಲು ತೆರೆದಿದೆ.

ಆದರೆ ಮಾತಿನ ವಿಷಯದಲ್ಲಿಯೂ ನಾವು ಇದೇ ಧೋರಣೆಯನ್ನು ಹಿಡಿದಿದ್ದೇವೆ. ಮನೆಯಲ್ಲಿ ಆಡುವುದು ಕನ್ನಡ. ಅದಕ್ಕೆ ಲಿಪಿಯಿಲ್ಲ, ಪುಸ್ತಕವಿಲ್ಲ. ಬರಹವೆಲ್ಲ ತಮಿಳು ಅಥವಾ ಇಂಗ್ಲಿಷ್. ಮಗುವಿಗೆ ಕನ್ನಡದ ಅಕ್ಷರ ಕಲಿಸಿದಿರಾ ಎಂದು ಕೇಳಿದರೆ ‘ದೊಡ್ಡವನಾದ ಮೇಲೆ ಬೇಕಾದರೆ ಕಲಿತುಕೊಳ್ಳಲಿ, ಅವನ ಇಷ್ಟಕ್ಕೇ ಬಿಟ್ಟಿದ್ದೇವೆ’ ಎಂಬ ಉತ್ತರ ಬರುತ್ತದೆ. ಕೇಳಲು ಉದಾರವಾದ ಮಾತು. ಒತ್ತಾಯವಿಲ್ಲ, ಹಾದಿಯಿಲ್ಲ, ಎಲ್ಲವೂ ತೆರೆದ ವಲಯ. ಆದರೆ ಇದರಲ್ಲಿ ಅಡಗಿರುವ ನಂಬಿಕೆ ಏನು? ಕನ್ನಡವು ಆ ಗೋಪುರದಂತೆ ಅಲ್ಲಿಯೇ ಕಾದಿರುತ್ತದೆಂದು.

ಭಾಷೆ ಕಾಯುವುದಿಲ್ಲ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಇಬ್ಬರು ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ ಎಳೆಯ ಮಕ್ಕಳು ಆರೆಂಟು ತಿಂಗಳಿರುವಾಗ ಹಿಂದಿಯ ತಕಾರ ಟಕಾರಗಳ ಭೇದವನ್ನು ಕಿವಿಯಿಂದ ಗುರುತಿಸುತ್ತಿದ್ದರು. ಹತ್ತು ಹನ್ನೆರಡು ತಿಂಗಳ ಪ್ರಾಯದ ಮಕ್ಕಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಉಡುಗಿರುವುದು ಕಂಡುಬಂದಿತು. ತೊಟ್ಟಿಲಿನಿಂದ ಇಳಿಯುವುದರೊಳಗಾಗಿ ಕೂಸಿನ ಕಿವಿ ಕೆಲವು ಬಾಗಿಲುಗಳನ್ನು ಎಳೆದುಕೊಳ್ಳಲು ತೊಡಗಿರುತ್ತದೆ. ಇನ್ನು ಅಜ್ಜಿಯ ಹಾಡು, ಗಾದೆ, ಬೈಗುಳಗಳ ಮಾತು ಹೇಳಬೇಕಾಗಿಲ್ಲ. ಅವಕ್ಕೆ ಅಜ್ಜಿಯ ಆಯುಸ್ಸೇ ಮಿತಿ. ಒಂದಿಡೀ ಭಾಷೆಯೂ ಹೀಗೆ ಬಿಟ್ಟು ಕಳೆದುಕೊಳ್ಳುವುದುಂಟು: ಹಳಗನ್ನಡದ ೞಕಾರವನ್ನು ಕನ್ನಡದ ನಾಲಿಗೆ ಕೈಬಿಟ್ಟು ಶತಮಾನಗಳಾದವು, ನೆರೆಯ ತಮಿಳರು ಅದನ್ನು ತಮ್ಮ ಭಾಷೆಯ ಹೆಸರಿನಲ್ಲಿಯೇ ಉಳಿಸಿಕೊಂಡಿದ್ದಾರೆ. ಈಗ ಬಯಸಿದರೂ ನಮ್ಮ ಮಾತಿಗೆ ಅದನ್ನು ತಂದುಕೊಳ್ಳಲಾರೆವು.

ಆದುದರಿಂದ ‘ಅವನ ಇಷ್ಟಕ್ಕೆ ಬಿಟ್ಟಿದ್ದೇವೆ’ ಎಂಬಲ್ಲಿ ಇಷ್ಟವೆಂಬುದೇ ಇಲ್ಲ. ಬಿಟ್ಟಿದ್ದೇವೆ ಎಂಬುದಷ್ಟೇ ಉಂಟು. ಹತ್ತು ವರ್ಷದ ಬಳಿಕ ಆ ಹುಡುಗನ ಮುಂದಿರುವುದು ಬಯಲಲ್ಲ, ನಾವು ಅವನ ಹೆಸರಿನಲ್ಲಿ ಆಗಲೇ ಮುಚ್ಚಿದ ಬಾಗಿಲು. ಕಲಿಸಿದರೆ ಅದೂ ಒತ್ತಾಯವಲ್ಲವೆ, ನೀವು ಹಾಕುವ ಬೇಲಿಯಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಬೇಲಿಯೇ. ಕೊರಂಗಾಡಿನ ರೈತನನ್ನು ಕೇಳಿದರೆ, ಕಿಳುವೈ ಗಿಡವನ್ನು ಸಾಲಾಗಿ ನೆಟ್ಟು ಬೇಲಿಯಾಗಿಸದಿದ್ದಲ್ಲಿ ಒಳಗೆ ಹುಲ್ಲೇ ನಿಲ್ಲುವುದಿಲ್ಲವೆನ್ನುತ್ತಾನೆ. ಬೇಲಿಯಿಲ್ಲದ ನೆಲವನ್ನು ಊರದನಗಳೆಲ್ಲ ಮೇದು ಬೋಳು ಮಾಡುತ್ತವೆ. ಅಲ್ಲಿ ಎಲ್ಲಿ ಬೇಕಾದರೂ ತಿರುಗಾಡಬಹುದು, ಮೇಯುವುದಕ್ಕೆ ಏನೂ ಇರುವುದಿಲ್ಲ.

ಎತ್ತಿಗೂ ಮಗುವಿಗೂ ಇರುವ ವ್ಯತ್ಯಾಸವನ್ನು ಮಾತ್ರ ನಾವು ಮರೆಯಬಾರದು. ಎತ್ತನ್ನು ಬೇಲಿಯೊಳಗೇ ಇಟ್ಟುಕೊಳ್ಳುವುದು ಯಜಮಾನನ ಉದ್ದೇಶ. ತಂದೆತಾಯಿಗಳ ಉದ್ದೇಶ ಹಾಗಾಗಬಾರದು. ಐವತ್ತಿಷ್ಟು ಅಕ್ಷರ, ಅವುಗಳ ಕಾಗುಣಿತ, ಓದಲು ನಾಲ್ಕು ಕಥೆಪುಸ್ತಕ. ಬೇಸಗೆಯ ಎರಡು ರಜೆಗಳ ಕೆಲಸ, ಅಷ್ಟೆ. ಶಾಲೆಯ ತಮಿಳಿಗೆ ಇದರಿಂದ ಕುಂದಿಲ್ಲ. ಎರಡು ಲಿಪಿ ಬಲ್ಲವನು ಕಕಾರ ಗಕಾರಗಳಿಗೆ ತಮಿಳು ಒಂದೇ ಅಕ್ಷರವನ್ನು ಹೇಗೆ ಸಾಲಿಸುತ್ತದೆಂದು ಬೆರಗಾಗಿ, ಆ ಭಾಷೆಯನ್ನೂ ಇನ್ನಷ್ಟು ಕಿವಿಗೊಟ್ಟು ಕೇಳುತ್ತಾನೆ. ಹೀಗೆ ಕಲಿತ ಹುಡುಗನು ಇಪ್ಪತ್ತರ ಪ್ರಾಯದಲ್ಲಿ ‘ಇದು ನನಗೆ ಬೇಡ’ ಎಂದು ಕನ್ನಡವನ್ನು ಬಿಟ್ಟರೆ? ಬಿಡಲಿ. ಆಗ ಅವನು ಬಿಡುವುದು ತನ್ನ ಕೈಯಲ್ಲಿರುವುದನ್ನು. ಏನನ್ನು ಬಿಡುತ್ತಿದ್ದೇನೆಂದು ಅವನಿಗೆ ತಿಳಿದಿರುತ್ತದೆ. ನಮಗೆ ನೋವಾದರೂ ಅವನ ಮೇಲೆ ದೂರು ಹೇಳುವ ಅಧಿಕಾರವಿರುವುದಿಲ್ಲ. ಹುಲಿ–ಕುರಿಯಲ್ಲಿ ಕುರಿಯೊಂದನ್ನು ಬಲಿಗೊಟ್ಟು ಹುಲಿಯನ್ನು ಕಟ್ಟಿಹಾಕುವ ಆಟಗಾರನೂ ಇದ್ದಾನೆ. ಮಾಡಿದ್ದೇನೆಂದು ಅವನು ಬಲ್ಲ, ಎದುರಿಗೆ ಕುಳಿತವನೂ ಬಲ್ಲ.